ಎಡಗಿವಿಯ ಓರೆ

ತತೆಇಶಿಯ ರೈಲುಗೇಟಿನ ಪಕ್ಕದ ಗಲ್ಲಿಯಲ್ಲಿ
ಮೂರು ಚಾಪೆ ಅಗಲದ ಅಂಗಡಿ ನನ್ನದು.
ಕೀಲಿ ಮುರಿದದ್ದು, ಸ್ಪ್ರಿಂಗು ಸತ್ತದ್ದು, ಕೈ ಕಳಕೊಂಡದ್ದು
ತರುತ್ತಾರೆ ಜನ. ಕೂಡಿಸಿ ಕೊಡುತ್ತೇನೆ.
ಬಣ್ಣ ಮಾತ್ರ ಹಚ್ಚುವುದಿಲ್ಲ. ಅದೊಂದು ಹಟ.

ಮಂಗಳವಾರ ಕುರೋಸೆ ಬಂದ, ಎರಡು ಪೆಟ್ಟಿಗೆ ಹೊತ್ತು.
ಎರಡು ತಗಡಿನ ರೋಬೋ ಮೇಜಿನ ಮೇಲೆ, ಅಕ್ಕಪಕ್ಕ.
"ಹಳೆಯದು ಯಾವುದು, ಮರುಮುದ್ರಣ ಯಾವುದು, ಹೇಳಿ ನೋಡೋಣ."
ಇದೇನು ಕೇಳುವ ಮಾತೇ?
ಒಂದಕ್ಕೆ ಎಪ್ಪತ್ತು ವರ್ಷದ ತುಕ್ಕು ಮೊಣಕಾಲಲ್ಲಿ;
ಇನ್ನೊಂದು ಈಗಷ್ಟೇ ಎಣ್ಣೆಸ್ನಾನ ಮುಗಿಸಿದ ಮದುವಣಿಗ.

ಆದರೂ ಕಣ್ಣು ಮುಚ್ಚಿ ಎತ್ತಿದೆ, ಒಂದೊಂದು ಅಂಗೈಯಲ್ಲಿ.
ಹಳೆಯದರ ಭಾರವೆಲ್ಲ ಒಂದೇ ಕಡೆ, ಎದೆಯ ಬಲಕ್ಕೆ;
ಹೊಸದು ಹಗುರ, ಎತ್ತ ತಿರುಗಿಸಿದರೂ ಸಮ,
ಯಾರ ಮಾತಿಗೂ ಹೂಂ ಅನ್ನುವವನ ಹಾಗೆ.
ಅಂಚು ಸವರಿದರೆ ಹಳೆಯದು ಬೆರಳು ಕೊಯ್ಯುತ್ತದೆ.
ಹೊಸದರ ಅಂಚು ಮಡಿಸಿದೆ, ಮಕ್ಕಳ ಕ್ಷೇಮಕ್ಕಂತೆ,
ಮಕ್ಕಳು ಮುಟ್ಟಲಾಗದ ಬೆಲೆಯಲ್ಲಿ.

ಕೀಲಿ ಕೊಟ್ಟೆವು.
ಹೊಸದು ಮೇಜಿನ ಈ ತುದಿಯಿಂದ ಆ ತುದಿಗೆ
ಗೆರೆ ಎಳೆದ ಹಾಗೆ ನಡೆಯಿತು.
ಎದೆಯ ಬಾಗಿಲು ತೆರೆಯಿತು, ಕಿಡಿ, ಕಿಡಿ, ಮುಚ್ಚಿತು.
ಹಳೆಯದು ನಾಲ್ಕು ಹೆಜ್ಜೆ. ನಿಂತಿತು.
ಏನೋ ನೆನಪಾದಂತೆ ಒಳಗೆ ಕರ್‌ರ್ ಅಂದಿತು. ಮತ್ತೆರಡು.
ಆಮೇಲೆ ಎಡಕ್ಕೆ ವಾಲಿ ನನ್ನ ಚಹಾ ಬಟ್ಟಲಿನತ್ತ ಹೊರಟಿತು.

ಹೊಟ್ಟೆ ಬಿಚ್ಚಿದೆ.
ಹಳೆಯದರ ಒಳಮೈಯಲ್ಲಿ ಮೀನಿನ ಅರ್ಧ ಬಾಲ,
ಕೆಂಪು ಅಕ್ಷರ ಮೂರು. ಯಾವ ಸಿಪಾಯಿ ತಿಂದೆಸೆದ ಡಬ್ಬಿಯೋ.
ಯುದ್ಧ ಸೋತ ಊರಲ್ಲಿ ಹೊಸ ತಗಡೆಲ್ಲಿ?
ತಿಪ್ಪೆಯಿಂದ ಆಯ್ದು, ತೊಳೆದು, ಬಡಿದು ಚಪ್ಪಟೆ ಮಾಡಿ
ಮಗುಚಿ ಹಾಕಿ
ಹೊರಮೈಗೆ ಅಂತರಿಕ್ಷ ಬಳಿದರು.
ಹೊಸದರ ಒಳಗೆ ಬಿಳಿ. ಆಸ್ಪತ್ರೆ ಗೋಡೆಯ ಬಿಳಿ.
ಮೂಲೆಯಲ್ಲೊಂದು ಸಂಖ್ಯೆ.
"ಇದೊಂದನ್ನು ಮಾತ್ರ ನಕಲು ಮಾಡಿಲ್ಲ," ಅಂದ ಕುರೋಸೆ.
ಬೇಸರವೋ ಹೆಮ್ಮೆಯೋ, ತಿಳಿಯಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಕಿನು ಅಜ್ಜಿ,
ತೊಂಬತ್ತಕ್ಕೆ ಒಂದು ಕಮ್ಮಿ,
ತೌಡಿನಲ್ಲಿ ಹುದುಗಿಟ್ಟ ಸೌತೆಕಾಯಿ ಕೊಡಲು ಬಂದವಳು
ಬಾಗಿ ನೋಡಿದಳು. "ಎರಡರದ್ದೂ ಎಡಗಿವಿ ಓರೆ."

ಹೌದಲ್ಲ, ಅದೇ ಇದರ ಹೆಗ್ಗಳಿಕೆ! ಕುರೋಸೆ ಉಬ್ಬಿದ.
ಕ್ಯಾಟಲಾಗಿನಲ್ಲೇ ಇದೆಯಂತೆ: ನಕ್ಷತ್ರಗಳಿಗೆ ಕಿವಿಗೊಟ್ಟ ಭಂಗಿ.

"ಭಂಗಿಯೂ ಇಲ್ಲ, ಮಣ್ಣೂ ಇಲ್ಲ.
ಕಿವಿ ಕೂಡಿಸುವ ಕೆಲಸ ನನ್ನದು, ಹದಿನಾರರಲ್ಲಿ.
ಒಂದು ಸೋಮವಾರ ಹೆಬ್ಬೆರಳು ಕೊಯ್ದಿತ್ತು, ಬಟ್ಟೆ ಸುತ್ತಿದ್ದೆ.
ಒಂದು ತಟ್ಟೆ, ಹನ್ನೆರಡು, ಎಲ್ಲ ಓರೆ.
ಉರುಶಿಬಾತ ಮೇಸ್ತ್ರಿ ಸಂಬಳ ಹಿಡಿದ."

ನೇರ ಕಿವಿಯವು ಹಡಗು ಹತ್ತಿದವು,
ಯಾವುದೋ ದೇಶದ ಹುಡುಗರ ಕಾಲಡಿ ನಜ್ಜುಗುಜ್ಜಾದವು.
ತಿರಸ್ಕಾರದ ಹನ್ನೆರಡು ಅಟ್ಟದಲ್ಲಿ ಕತ್ತಲು ತಿಂದು ಬದುಕಿದವು.
ಅದರಲ್ಲೊಂದನ್ನು ಈಗಿನವರು ಬೆಳಕಿನಿಂದ ಅಳೆದು,
ಕೂದಲೆಳೆಯಷ್ಟೂ ತಪ್ಪದೆ
ತಪ್ಪನ್ನು ಐದು ಸಾವಿರ ಸಲ ಎರಕ ಹೊಯ್ದಿದ್ದಾರೆ.

ಅಜ್ಜಿ ಕೇಳಿದಳು, ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ:
"ಇದಕ್ಕೆ ಯಾರ ಸಂಬಳ ಹಿಡಿದರು?"

ಉತ್ತರಕ್ಕೆ ಕಾಯಲಿಲ್ಲ. ಹೊಸದನ್ನು ಎತ್ತಿಕೊಂಡು
ಹೆಬ್ಬೆರಳಿಟ್ಟು ಒತ್ತಿದಳು, ಟಕ್.
ಕಿವಿ ನೆಟ್ಟಗಾಯಿತು.
ಕುರೋಸೆಯ ಬಾಯಿಂದ ಗಾಳಿ ಮಾತ್ರ ಬಂತು.
ಹಳೆಯದನ್ನು ಅವನು ಎರಡೂ ಕೈಯಲ್ಲಿ ಅವುಚಿಕೊಂಡ.
"ಹೆದರಬೇಡ," ಅಂದಳು, "ಅದು ಹಾಗೇ ಇರಲಿ. ಅದು ನಾನು ಮಾಡಿದ್ದು."

ಕೆಟ್ಟುಹೋದದ್ದನ್ನು ಅವನು ಮರಳಿ ಒಯ್ಯಲಿಲ್ಲ.
ನನ್ನ ಗಾಜಿನ ಹಿಂದೆ ನಿಂತಿದೆ, ಐದು ಸಾವಿರದಲ್ಲಿ ಒಂದೇ ಒಂದು,
ಮೊದಲು ಇರಬೇಕಾಗಿದ್ದ ಹಾಗೆ.
ಕಿವಿಯ ಬುಡದಲ್ಲಿ ತೌಡಿನ ಒಂದು ಕಣ.
ಒರೆಸಿಲ್ಲ.