ಮೂರನೆಯ ಕೋಷ್ಟಕದ ಕೆಳಸಾಲು

ಡಾಕ್ಟರ್ ಕಲುವಾ ಅವರ ಪ್ರಬಂಧ ಅಚ್ಚಾಗಿ ಬಂದಿದೆ.
ಒಂಬತ್ತು ಪುಟ. ಮಂಗೋಚಿಯ ಆಸ್ಪತ್ರೆಯಲ್ಲಿ
ಪ್ರಿಂಟರಿನ ಮಸಿ ತೀರುತ್ತ ಬಂದಿತ್ತು,
ಏಳನೆಯ ಪುಟದಿಂದಾಚೆ ಅಕ್ಷರವೆಲ್ಲ ಬೂದಿ.
‘ಎನಿಫಾ, ಇದು ನಿನ್ನದೂ ಹೌದು’ ಎಂದು
ನನಗೂ ಒಂದು ಪ್ರತಿ ಕೊಟ್ಟರು.
ಹುಡುಕಿದೆ. ಕಟ್ಟಕಡೆಗೆ,
ಹಣ ಕೊಟ್ಟವರ ಹೆಸರೆಲ್ಲ ಮುಗಿದ ಮೇಲೆ ಇದ್ದೆ:
ಇ. ಮಜಾವಾ, ಕ್ಷೇತ್ರ ಸಹಾಯಕಿ.
ಸಾಕು. ನಮ್ಮವ್ವನ ಹೆಸರು
ಯಾವ ಕಾಗದದಲ್ಲೂ ಇರಲಿಲ್ಲ.

ಗರ್ಭಕಂಠ ಎನ್ನುತ್ತದೆ ಪ್ರಬಂಧ.
ನಾನು ಬಾಗಿಲು ಎನ್ನುತ್ತಿದ್ದೆ, ಅದೂ ದನಿ ತಗ್ಗಿಸಿ.
ಶೇಕಡಾ ಐದರ ಅಸೆಟಿಕ್ ಆಮ್ಲ ಎನ್ನುತ್ತದೆ ಪ್ರಬಂಧ.
ಹೆಂಗಸರ ಬಾಯಲ್ಲಿ ಅದು ವಿನಿಗರ್,
ಸಂತೆಯಲ್ಲಿ ಆಲೂಗಡ್ಡೆ ಕರಿಯುವವನ ಬಾಟಲಿಯದೇ ವಾಸನೆ.
ಹಚ್ಚಿ ಒಂದು ನಿಮಿಷ ಕಾಯಬೇಕು.
ಕೇಡು ಇದ್ದಲ್ಲಿ ಬೆಳ್ಳಗಾಗುತ್ತದೆ,
ಮೆಕ್ಕೆಜೋಳದ ಕಾಳಿನಷ್ಟು, ಒಮ್ಮೊಮ್ಮೆ ಉಗುರಿನಷ್ಟು.
ಆ ಒಂದು ನಿಮಿಷ ಅವರ ಕೈ ಹಿಡಿದು
ಏನಾದರೊಂದು ಕೇಳುತ್ತಿದ್ದೆ:
ಮೇಕೆ ಎಷ್ಟಿವೆ, ಮಗಳಿಗೆ ಎಷ್ಟು ತಿಂಗಳು.
ಒಬ್ಬಳು ಅಳುತ್ತಲೇ ಮೇಕೆ ಎಣಿಸಿದಳು
ಹದಿನಾಲ್ಕರ ತನಕ.
ಅವಳಿಗೆ ಇದ್ದದ್ದು ಎರಡು.

ಬಿಳಿ ಸುಟ್ಟು ಮನೆಗೆ ಕಳಿಸಿದ್ದು ಇನ್ನೂರ ಹದಿನಾಲ್ಕು ಮಂದಿಯನ್ನು.
ವರ್ಷ ತುಂಬಿದ ಮೇಲೆ ಮತ್ತೆ ನೋಡಬೇಕು,
ಕರೆತರುವ ಕೆಲಸ ನನ್ನದು.
ಕ್ಲಚ್ ಜಾರುವ ಒಂದು ಬೈಕು, ನೀಲಿ ರಟ್ಟಿನ ವಹಿ,
ವಹಿಯಲ್ಲಿ ವಿಳಾಸಗಳು:
ಮಸೀದಿ ಹಿಂದಿನ ಮಾವಿನ ಮರ,
ದೋಣಿ ಕಟ್ಟುವವನ ಮೂರನೆಯ ಹೆಂಡತಿ,
ಕೆಂಪು ಬಾಗಿಲು.
ಹೋಗಿ ನೋಡಿದರೆ ಬಾಗಿಲಿಗೆ ಹಸಿರು ಬಳಿದಿರುತ್ತಿತ್ತು.
ಇನ್ನೂರ ಮೂವರನ್ನು ತಂದೆ.
ಹದಿನಾರು ಮಂದಿಯಲ್ಲಿ ಮತ್ತೆ ಬಿಳಿ ಕಂಡಿತು,
ಬ್ಲಾಂಟೈರಿನ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತಿಸಿದೆವು.
ಪ್ರಬಂಧದಲ್ಲಿ ಬಸ್ಸು ಇಲ್ಲ,
ಕಿಟಕಿಯಿಂದ ಕೈಬೀಸದೆ ಕೂತವರೂ ಇಲ್ಲ.
ಮೂರನೆಯ ಕೋಷ್ಟಕದ ಕೆಳಸಾಲಿನಲ್ಲಿ ಇಷ್ಟಿದೆ:
ಪತ್ತೆಯಿಲ್ಲದವರು, ಹನ್ನೊಂದು.

ಹೋದ ಗುರುವಾರ ಮಕಂಜಿರಾ ದಾರಿಯಲ್ಲಿ ಚಕ್ರ ಪಂಕ್ಚರ್.
ಸರೋವರದ ದಂಡೆಗೆ ಬೈಕು ತಳ್ಳಿಕೊಂಡು ಬಂದೆ.
ಬಿದಿರ ತಟ್ಟಿಗಳ ಮೇಲೆ ಬೆರಳುದ್ದದ ಮೀನು,
ಕಣ್ಣಿಗೆ ಕುಕ್ಕುವಷ್ಟು ಬೆಳ್ಳಿ.
ತಿರುವಿಹಾಕುತ್ತಿದ್ದವಳು ತಲೆಯೆತ್ತಿದಳು.
ಅಬಿತಿ ತ್ವೈಬು! ನೂರ ಅರವತ್ತೆಂಟನೆಯ ನಂಬರು!
‘ಎರಡು ವರ್ಷ ಹುಡುಕಿದೆ ಮಾರಾಯ್ತಿ,
ಎಲ್ಲಿ ಕಳೆದುಹೋಗಿದ್ದೆ?’
‘ನಾನೆಲ್ಲಿ ಕಳೆದುಹೋದೆ?
ಅವನ ಹಿಂದೆ ಮೊಜಾಂಬಿಕ್‌ಗೆ ಹೋದೆ,
ಅವನು ಇನ್ನೊಬ್ಬಳನ್ನು ಕಟ್ಟಿಕೊಂಡ, ಅವ್ವನ ಮನೆಗೆ ಬಂದೆ.
ದಿನಾ ಇಲ್ಲೇ ಮೀನು ತಿರುವುತ್ತೇನೆ.
ದಾರಿ ತಪ್ಪಿದವಳು ನೀನು.’

‘ರಕ್ತ ಹೋಗುತ್ತಾ?’ ಎಂದೆ ಮೆಲ್ಲಗೆ.
ಒಂದು ಸಾಲು ಮೀನು ಪೂರ್ತಿ ತಿರುವಿದಳು.
ಇನ್ನೊಂದು ಸಾಲಿಗೆ ಬಗ್ಗಿದಳು.
‘ಸೋಮವಾರ ಬರುತ್ತೇನೆ.
ಆ ವಿನಿಗರ್ ಇನ್ನೂ ಇಟ್ಟಿದ್ದೀರಾ?’

ಡಾಕ್ಟರಿಗೆ ಫೋನು ಹಚ್ಚಿದೆ.
‘ಅಚ್ಚಾಗಿ ಹೋಯಿತಲ್ಲ ಎನಿಫಾ,
ಒಬ್ಬಳಿಂದ ಶೇಕಡಾವಾರು ಅಷ್ಟೇನೂ ಅಲುಗದು’ ಎಂದರು.
ಅದೇ ಉಸಿರಿನಲ್ಲಿ,
‘ಸೋಮವಾರ ಎಷ್ಟು ಗಂಟೆಗಂತೆ?’

ಚೀಲದಿಂದ ಪ್ರಬಂಧ ತೆಗೆದು
ಹನ್ನೊಂದನ್ನು ಹೊಡೆದು ಹತ್ತು ಬರೆದೆ, ಪೆನ್ಸಿಲಿನಲ್ಲಿ.
ಸೋಮವಾರ ಇನ್ನೂ ಬರಬೇಕು.

ಬೇಡವೆಂದರೂ ಎರಡು ಬೊಗಸೆ ಮೀನು ಸುರಿದಳು,
ದುಡ್ಡು ಮುಟ್ಟಲಿಲ್ಲ.
ಕಟ್ಟಲು ಏನೂ ಇರಲಿಲ್ಲ.
ಒಂಬತ್ತನೆಯ ಪುಟ ಕಿತ್ತುಕೊಟ್ಟೆ,
ಹೇಗೂ ಬೂದಿ.
ರಾತ್ರಿ ಒಲೆಯ ಮುಂದೆ ಪೊಟ್ಟಣ ಬಿಚ್ಚಿದಾಗ
ಇ. ಮಜಾವಾಳ ಮೇಲೆ ಒಂದು ಹುರುಪೆ ಅಂಟಿಕೊಂಡಿತ್ತು,
ಉಗುರಿಂದ ಕೆರೆದರೂ ಬರಲಿಲ್ಲ.