ಒಂದಗುಳು

ಝೋಂಗ್‌ಶಾನ್ ಊರಿನ ಮೂರನೇ ಮಹಡಿ, ಟ್ಯೂಬ್‌ಲೈಟಿನ ಕೆಳಗೆ
ನನ್ನ ಮೇಜು. ಎಡಕ್ಕೆ ನೀಲಿ ತಟ್ಟೆ, ಬಲಕ್ಕೆ ಕೆಂಪು.
ನಡುವೆ ನಾನು, ಲ್ಯಾವ್ ಸುಚಿನ್:
ಒಂದು ಭೂತಗನ್ನಡಿ, ಎರಡು ಕಣ್ಣು, ಹನ್ನೊಂದು ವರ್ಷ.

ದೊಡ್ಡ ಕಂಪನಿಯದಾದರೆ ಸಲೀಸು.
ಐವತ್ತು ಸಾವಿರ ಪಿನ್ನು, ನಗುವ ಹಳದಿ ಬರ್ಗರು.
ಇನ್ನೂರು ಎತ್ತಿ ನೋಡು, ಹತ್ತು ಕೆಟ್ಟಿದ್ದರೂ ಸೀಲು ಹಾಕು.
ಅನ್ನ ಬೆಂದಿತೋ ತಿಳಿಯಲು ಒಂದಗುಳು ಸಾಕಲ್ಲ,
ಇಡೀ ಪಾತ್ರೆ ಯಾರು ಹಿಚುಕುತ್ತಾರೆ?
ಎಲ್ಲೋ ಒಂದು ಬರ್ಗರಿಗೆ ಬಾಯಿಲ್ಲದಿದ್ದರೆ
ಅದನ್ನು ಚುಚ್ಚಿಕೊಂಡ ಹುಡುಗ ದೂರು ಬರೆಯುವುದಿಲ್ಲ;
ಕೌಂಟರಿನ ಹಿಂದೆ ಅವನಿಗೂ
ನಗಲು ಪುರುಸೊತ್ತಿರಲಿಕ್ಕಿಲ್ಲ.

ಆದರೆ ಸ್ಕಾಟ್ಲೆಂಡಿನ ಡಂಡಿಯಲ್ಲೊಬ್ಬಳಿದ್ದಾಳೆ, ಎಫಿ ಗ್ಲೆನ್ನಿ!
ನೂರೇ ನೂರು. ಬೂದು ಕೊಕ್ಕರೆ, ಒಂಟಿಕಾಲು,
ಹೆಬ್ಬೆರಳ ಉಗುರಿನಷ್ಟು.
ಅಡುಗೆಮನೆ ಮೇಜಿನ ಮೇಲೆ ಎಲ್ಲವನ್ನೂ ಹರಡಿ
ಕಲ್ಲು ಹೆಕ್ಕುವ ಹಾಗೆ ಹೆಕ್ಕುತ್ತಾಳಂತೆ.
ಕೆಂಪು ಸುತ್ತು ಹಾಕಿದ ಫೋಟೋ ಬರುತ್ತದೆ:
ರೆಕ್ಕೆಯಲ್ಲಿ ಗುಳ್ಳೆ. ಕೊಕ್ಕಿನಾಚೆ ಚೆಲ್ಲಿದ ಬಣ್ಣ. ಬೆನ್ನ ಮುಳ್ಳು ಓರೆ.
ಮೇಸ್ತ್ರಿ ಕ್ವಾಂಗ್ ಗೊಣಗುತ್ತಾನೆ, "ನೂರಕ್ಕೆ ಇಷ್ಟು ಗೋಳೇ?
ಹತ್ತು ಹೆಚ್ಚಿಗೆ ಹಾಕಿ ಕೈ ತೊಳೆದುಕೋ."
ಹಾಕುತ್ತೇವೆ. ಕೆಟ್ಟವನ್ನು ಅವಳು
"ಸ್ವಲ್ಪ ಐಬು" ಎಂದು ಬರೆದು ಅರ್ಧ ಬೆಲೆಗೆ ಮಾರುತ್ತಾಳಂತೆ.
ನಮ್ಮಲ್ಲಿ ಐಬಿಗೆ ಅರ್ಧ ಬೆಲೆಯಿಲ್ಲ,
ಸಂಬಳದಲ್ಲಿ ಕಡಿತವಿದೆ.

ಆ ಮಂಗಳವಾರ ಪಾನ್ ಯೂಲ್ಯಾನಳ ಸಿರಿಂಜಿನಿಂದ
ಬಿಳಿ ಹನಿಯೊಂದು ತಪ್ಪಿ ಬಿದ್ದಿತ್ತು ಕಪ್ಪು ಕಣ್ಣೊಳಗೆ.
ಒಲೆಯಲ್ಲಿ ಬೆಂದು ಗಟ್ಟಿಯಾಗಿತ್ತು. ಸೂಜಿಮೊನೆಯಷ್ಟು.
ನಕ್ಷೆಯಲ್ಲಿಲ್ಲದ್ದು ತಪ್ಪು. ಕೆಂಪು ತಟ್ಟೆ.
ಕೈ ಚಾಚಿದೆ. ಕೊಕ್ಕರೆ ನನ್ನನ್ನೇ ನೋಡಿತು.
ಉಳಿದ ನೂರಾ ಒಂಬತ್ತೂ ಎಲ್ಲಿಯೋ ನೋಡುತ್ತಿದ್ದವು.
ಪಿನ್ನಿಗೆ ಹತ್ತು ಸೆಕೆಂಡು ನಮ್ಮ ಲೆಕ್ಕ.
ಇಪ್ಪತ್ತಾಯಿತು. ಮೂವತ್ತು.
ನೀಲಿಗೆ ಹಾಕಿದೆ. ಯಾಕೆಂದು ಕೇಳಬೇಡಿ.

ಮೂರು ವಾರಕ್ಕೆ ಎಫಿಯ ಪತ್ರ, ಯಂತ್ರ ಅನುವಾದಿಸಿದ ತೊದಲಿನಲ್ಲಿ:
"ಒಂದು ಹಕ್ಕಿ ಜೀವ ಇದೆ. ಮಾರಲಿಲ್ಲ ನಾನು.
ಮುಂದಿನ ನೂರು ಹಾಗೆ ಆಗುವುದೇ?"

ಕ್ವಾಂಗ್ ನಕ್ಷೆ ತಿದ್ದಿದ. ಚುಕ್ಕೆಗೆ ಅಳತೆ ಬಂತು,
ಬಿಳಿಗೊಂದು ನಂಬರು ಬಂತು,
ಪಿನ್ನಿಗೆ ಎರಡು ಕಾಸು ಹೆಚ್ಚಾಯಿತು.
ಯೂಲ್ಯಾನ್ ಉಸಿರು ಬಿಗಿಹಿಡಿದು ಹನಿ ಇಡುತ್ತಾಳೆ ಈಗ.
ಮೊದಲಿನದರ ಹಾಗೆ ಒಂದೂ ನೋಡುವುದಿಲ್ಲ,
ಆದರೆ ಅಳತೆ ಸರಿಯಿದೆ.

ಬೆಳಗಿನಿಂದ ಮೂವತ್ತೇಳು ಕೆಂಪು ತಟ್ಟೆಗೆ ಹೋಗಿವೆ:
ಚುಕ್ಕೆ ಸರಿದವು, ಹರಡಿದವು,
ಚುಕ್ಕೆಯೇ ಇಲ್ಲದವು ಆರು.
ಆ ಆರು
ಹೋದ ತಿಂಗಳು ಒಳ್ಳೆಯವು.