ಕ್ರಮ ಸಂಖ್ಯೆ ಹದಿಮೂರು

ಪಕ್ಷೇತರರಿಗೆ ಹತ್ತು ಮಂದಿ ಸಹಿ ಬೇಕಂತ.
ಖಾನಾವಳಿಯ ಉದ್ರಿ ಪುಸ್ತಕ ಬಗಲಾಗಿಟ್ಟು
ಅದರಾಗಿನ ಹೆಸರು ಹಿಡಿದೇ ಹೊಂಟಳು ಅಮರಮ್ಮ:
ಪಂಚರ್ ತಿದ್ದೋ ಮಹಬೂಬ, ಬೀಜದಂಗಡಿ ಗುಮಾಸ್ತ,
ಡಿಪೋದ ಇಬ್ಬರು ಕಂಡಕ್ಟರು,
ಮತ್ತ ಮೈಕಿನ ಆಟೋದ ನಾನು, ಮೌಲಪ್ಪ,
ಬಾಕಿ ಇನ್ನೂರಾ ಎಂಬತ್ತು.

"ಸಹಿ ಹಾಕಿದ್ರ ಬಾಕಿ ಹೋಗ್ತದೇನವ್ವ?"
"ಬಾಕಿ ಬಾಕೀನ. ಸಹಿ ಸಹೀನ."
ಹತ್ತೂ ಮಂದಿ ಒಂದೇ ಓಣಿ, ಒಂದೇ ಮತಗಟ್ಟೆ.

ಸಿಂಧನೂರ ಕಚೇರಿಯಾಗ ಆಕಿಗೆ ಬಂದ ಚಿಹ್ನೆ
ಮಣೆ, ಲಟ್ಟಣಿಗೆ.
ಹಾಳಿ ತಿರುವಿ ನೋಡಿದಳು, ಮತ್ತ ತಿರುವಿದಳು.
"ಸಾಹೇಬ್ರ, ಜ್ವಾಳದ ರೊಟ್ಟಿ ನಾ ಲಟ್ಟಿಸಾಕಿ ಅಲ್ಲ,
ಬಡಿಯಾಕಿ. ಅಂಗೈ ಇದ್ರ ಕೊಡ್ರಿ."
"ಕೈ ಆಗಲೇ ಬ್ಯಾರೆಯವರದು ಆಗೇದಮ್ಮ" ಅಂದ್ರು.
ಕಚೇರಿಗೆ ಕಚೇರಿನೇ ನಕ್ಕಿತು.
ಆಕಿಗೆ ಅದರಾಗ ನಗೂದೇನದ ತಿಳೀಲಿಲ್ಲ.

ಕೌದಿ ಕಟ್ಟಿ ಕಿಟಕಿ ಮುಚ್ಚಿ
ನನ್ನ ಫೋನಿನಾಗ ದನಿ ಹಿಡಿದೆ.
ಜೋರಾಗಿ ಒದರು ಅಂದ್ರ ಒದರಲಿಲ್ಲ.
"ನಾ ಅಮರಮ್ಮ. ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿ.
ನಂಬರು ಹದಿಮೂರು.
ಉಂಡೀರೇನು?
ಉಂಡಿದ್ರ ಒಂದು ಮಾತು ಕೇಳ್ರಿ..."
ಹಿಂದ ಒಳಗಿನ ಮನಿಯಾಗ ಸೊಸಿ ರೊಟ್ಟಿ ಬಡಿಯೋ ಸಪ್ಪಳ.
ಅಳಿಸ್ತೀನಿ ಅಂದೆ. ಇರಲಿ ಅಂದಳು.

ಮುಂಜಾನಿ ಆಕೀದು.
ಕಾಲುವಿ ದಂಡಿಯ ಕ್ಯಾಂಪುಗಳಾಗ ತೆಲುಗಿನಾಗ ಒಂದು ಸುತ್ತು,
ಆರ್.ಎಚ್. ಕ್ಯಾಂಪಿನಾಗ ಮೀನಸಾರಿನ ವಾಸನಿ ನಡುವ
ಶಂಖದ ಬಳಿ ತೊಟ್ಟ ಮುದುಕಿ ಕಲಿಸಿದ ಬಂಗಾಲಿ,
"ಭೋಟ್ ದಿನ್, ದಿದಿ, ಭೋಟ್ ದಿನ್."
ಆಕಿ ಬಾಯಾಗ ಅದು ರಾಯಚೂರ ಮಾತೇ ಆಗಿತ್ತು.

ಸಂಜಿ ಎರಡನೇ ನಂಬರಿಂದು.
ಡೀಸೆಲ್ಲು ಅವರದು, ಪಲಾವು ಅವರದು,
ಹೊಸಾ ಹಾರ್ನು ಅವರದು.
ಕ್ರಮ ಸಂಖ್ಯೆ ಎರಡು, ಎರಡು, ಮರೀಬ್ಯಾಡ್ರಿ ಎರಡು,
ನಿದ್ದಿಯಾಗೂ ಒದರತಿದ್ದೆ ಅಂತಾಳ ನನ್ನ ಹೆಂಡತಿ.

ಓಟಿನ ದಿನ, ಕನ್ನಡ ಶಾಲಿಯ ಮೂರನೇ ಕೋಣಿ,
ರಟ್ಟಿನ ಪರದೆಯ ಹಿಂದ ನಾನೊಬ್ಬನೇ.
ಬಾಯಿಗೆ ರೂಢಿಯಾದ ಕಡೆ ಬೆರಳು ಹೋತು.
ರೂಢಿಯೋ,
ಹಿಂದಿನ ರಾತ್ರಿ ಅಂಗಿ ಜೇಬಿಗೆ ಬಿದ್ದ ಮಡಿಕಿಯೋ,
ಕೇಳಬ್ಯಾಡ್ರಿ.
ಯಂತ್ರ ಕುಂಯ್ಯ್ ಅಂತು. ಎಲ್ಲರಿಗೂ ಹಂಗೇ ಅಂತದ.

ರಾಯಚೂರಾಗ ಎಣಿಸಿದ್ರು.
ಎಲ್ಲಾ ಕೂಡಿ ಎಂಟುನೂರಾ ಆರು.
ಯಾರೂ ಬ್ಯಾಡ ಅಂದವರು ಅದಕ್ಕಿಂತ ಹೆಚ್ಚು.
ಠೇವಣಿ ಹೋತು.
ಆರ್.ಎಚ್. ಕ್ಯಾಂಪಿನಾಗ ನಲವತ್ತೊಂದು.
ನಮ್ಮ ಓಣಿಯಾಗ
ಹತ್ತು ಸಹಿ, ಆಕೀದೊಂದು, ಹನ್ನೊಂದಾಗಬೇಕಿತ್ತು.
ಏಳು.

ಮರುದಿನ ಹತ್ತೂ ಮಂದಿ ಉಣ್ಣಾಕ ಹೋಗಿದ್ವಿ.
ಹೋಗದಿದ್ರ ಗೊತ್ತಾಗ್ತಿತ್ತಲ್ಲ.
ಮಹಬೂಬ ಗುಮಾಸ್ತನ ನೋಡಿದ, ಗುಮಾಸ್ತ ಕಂಡಕ್ಟರನ್ನ,
ಎಲ್ಲರಕಿಂತ ಜೋರಾಗಿ ಬೈದವ ನಾನು:
"ಉಂಡ ಮನಿಗೆ ಎರಡು ಬಗದವರು ಯಾರಲೇ ಆ ನಾಕು ಮಂದಿ?"
ಅಮರಮ್ಮ ಪುಂಡಿಪಲ್ಯ ಬಡಿಸುತ್ತಾ ಅಂದಳು,
"ಅದಕ್ಕೇ ರಟ್ಟಿನ ಪರದೆ ನಿಲ್ಲಿಸಿರತಾರ, ಮೌಲಪ್ಪ.
ಉಣ್ಣು."
ಮೂರನೇ ರೊಟ್ಟಿ ಹಾಕಿದಳು.
ಪುಸ್ತಕದಾಗ ಮೂರೇ ಬರದಳು.

ಮೊನ್ನಿ ನೀರಿನ ಕರದ ಪ್ರಕಟಣೆ ಒದರುತ್ತಾ
ಕ್ಯಾಂಪಿನ ಕಡೆ ಹೋಗಿದ್ದೆ.
ಕೊನೇ ದಿನಾಂಕ, ದಂಡ, ಎಲ್ಲಾ ಮುಗಿದ ಮ್ಯಾಲ
ಪೆನ್‌ಡ್ರೈವು ತಾನೇ ಮುಂದಕ್ಕ ಸರಿದು
"ನಾ ಅಮರಮ್ಮ" ಅಂತು.
"ಉಂಡೀರೇನು?" ಅಂತು.
ಹಿಂದ ಪಟಪಟ ಪಟಪಟ ಅಂಗೈ ಸಪ್ಪಳ.
ಶಂಖದ ಬಳಿಯ ಮುದುಕಿ ಬಾಗಿಲಿಗೆ ಬಂದು
ಸೆರಗಿಗೆ ಕೈ ಒರಸುತ್ತಾ,
"ಮತ್ತ ಓಟು ಬಂತೇನು?"
"ಇಲ್ಲಬೇ, ನೀರಿನ ಕರ" ಅಂದೆ.
ಬಂದ್ ಮಾಡೋ ಗುಂಡಿ
ಬೆರಳಿನ ಕೆಳಗೇ ಇತ್ತು.